ಕೆಳಕೋಣೆಯ ಹೊರಬಾಗಿಲು ಒಂದು ಅಡಿ ಅಗಲ ಮಾಡಬೇಕು, ಮುರಕಲ್ಲಿನ ಹಳೆ ಗೋಡೆ: ಯಾವ ಬದಿಗೆ ಒಡೆಯುವುದು?

ಗುಡ್ಡೆಮನೆ ಮಗಳು
ಜನವರಿ 9

ಎಲ್ಲರಿಗೂ ನಮಸ್ಕಾರ. ಪುತ್ತೂರಿನಿಂದ ಸ್ವಲ್ಪ ಒಳಗೆ, ಗುಡ್ಡದ ಇಳಿಜಾರಿನಲ್ಲಿ ನಮ್ಮ ಮನೆ ಇರುವುದು. ಮೇಲಿನ ಅಂಗಳದಲ್ಲಿ ನಿಂತು ನೋಡಿದರೆ ಒಂದೇ ಅಂತಸ್ತು, ತೋಟದ ಕಡೆಯಿಂದ ನೋಡಿದರೆ ಎರಡು. ಕೆಳಗಿನದ್ದನ್ನು ನಾವು ಕೆಳಕೋಣೆ ಅಂತಲೇ ಕರೆಯುವುದು. ಅದರ ಹಿಂದಿನ ಗೋಡೆ ಪೂರ್ತಿ ಧರೆಗೆ ತಾಗಿಕೊಂಡಿದೆ, ಮುಂದಿನ ಗೋಡೆ ಮಾತ್ರ ಕೆಳಗಿನ ಅಂಗಳಕ್ಕೆ ತೆರೆದಿದೆ. 1981ರಲ್ಲಿ ಅಪ್ಪ ಮುಂದೆ ನಿಂತು ಕಟ್ಟಿಸಿದ ಮನೆ. ಕಲ್ಲು ನಮ್ಮ ಗುಡ್ಡದ್ದೇ ಕೆಂಪು ಮುರಕಲ್ಲು, ದಾರಂದದ (ಬಾಗಿಲಿನ ಚೌಕಟ್ಟಿನ) ಮರ ನಮ್ಮದೇ ಹಲಸಿನದ್ದು.

ಕಳೆದ ಸೆಪ್ಟೆಂಬರಿನಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಈಗಲೂ ಸ್ವಾಧೀನಕ್ಕೆ ಬಂದಿಲ್ಲ, ಮಾತು ಒಂದೆರಡು ಬರುತ್ತದೆ. ಮೇಲಿನ ಮನೆಯಿಂದ ತೋಟದ ಕಡೆಗೆ ಇಳಿಯಲು ಹನ್ನೊಂದು ಮೆಟ್ಟಿಲು. ನಾಲ್ಕು ತಿಂಗಳಿಂದ ಅವರು ತೋಟಕ್ಕೆ ಇಳಿದಿಲ್ಲ. ಹಾಗಾಗಿ ಕೆಳಕೋಣೆಯನ್ನು ಖಾಲಿ ಮಾಡಿ, ಸುಣ್ಣ ಹೊಡೆದು, ಅಪ್ಪನ ಮಂಚವನ್ನು ಅಲ್ಲಿಗೇ ತಂದಿದ್ದೇವೆ. ಬಾಗಿಲು ದಾಟಿದರೆ ಅಂಗಳ, ಅಂಗಳ ದಾಟಿದರೆ ಅಡಿಕೆ ತೋಟ.

ಆದರೆ ಬಾಗಿಲೇ ಸಾಲುವುದಿಲ್ಲ. ಗಾಲಿಕುರ್ಚಿಯ ಹೊರ ಅಗಲ 25 ಇಂಚೂವರೆ. ದಾರಂದದ ಒಳಗೆ 28 ಇಂಚು, ತೆರೆದ ಬಾಗಿಲಿನ ದಪ್ಪ ಕಳೆದರೆ ಉಳಿಯುವುದು 26 ಇಂಚೂವರೆ. ಅಪ್ಪ ಯಾರನ್ನೂ ತಳ್ಳಲು ಬಿಡುವುದಿಲ್ಲ. ಎಡಗೈಯಲ್ಲಿ ಗಾಲಿಯ ಹೊರಬಳೆ ಹಿಡಿದು, ಎಡಗಾಲಿನಿಂದ ನೆಲ ಒದ್ದುಕೊಂಡು ತಾವೇ ಹೋಗುತ್ತಾರೆ. ಕಳೆದ ವಾರ ದಾರಂದಕ್ಕೆ ಉಜ್ಜಿ ಮೂರು ಬೆರಳಿನ ಗಂಟುಗಳ ಚರ್ಮ ಕಿತ್ತು ಬಂತು. ನಾನು ಅರಸಿನ ಹಚ್ಚುವಾಗ ಅವರು ಬೆರಳು ನೋಡಲಿಲ್ಲ, ಬಾಗಿಲನ್ನೇ ನೋಡುತ್ತಿದ್ದರು. ಅವತ್ತೇ ಇದನ್ನು ಅಗಲ ಮಾಡಿಸಬೇಕು ಅಂತ ನಿಶ್ಚಯ ಮಾಡಿದೆ.

ಈಗ ವಿಷಯ. ಬಾಗಿಲಿರುವುದು ಉತ್ತರದ ಮೂಲೆಯ ಹತ್ತಿರ. ಬಾಗಿಲಿಗೂ ಮೂಲೆಗೂ ನಡುವೆ 26 ಇಂಚು ಗೋಡೆ. ಇನ್ನೊಂದು ಬದಿಯಲ್ಲಿ, ದಕ್ಷಿಣಕ್ಕೆ, ಕಿಟಕಿಯವರೆಗೆ 5 ಅಡಿ ಗೋಡೆ ಇದೆ, ಆದರೆ ಅಲ್ಲಿ ಪಂಪಿನ ಸ್ಟಾರ್ಟರ್, ಮೀಟರ್ ಬೋರ್ಡ್ ಎಲ್ಲ ಉಂಟು. ಬಂದು ನೋಡಿದ ಮೇಸ್ತ್ರಿ, "ಅಕ್ಕಾ, ಮೂಲೆಯ ಕಡೆಗೆ ಒಂದು ಅಡಿ ಒಡೆದರೆ ಆಯ್ತು, ಬೋರ್ಡು ಮುಟ್ಟುವುದೇ ಬೇಡ. ಬಾಗಿಲಿನ ಮೇಲಿನ ಭಾರ ಹೊರಲು ರೆಡಿ ಲಿಂಟಲ್ ತಂದು ತೂರಿಸಿದರೆ ಒಂದು ದಿನದ ಕೆಲಸ" ಅಂದರು. ಒಳ್ಳೆಯ ಕೆಲಸಗಾರರು, ಅವರ ಮೇಲೆ ನನಗೆ ದೂರಿಲ್ಲ. ಆದರೂ ಮನಸ್ಸು ಒಪ್ಪುತ್ತಿಲ್ಲ. ಉತ್ತರದ ಗೋಡೆಗೆ ತಾಗಿ ಹೊರಗೆ 5 ಅಡಿಯಷ್ಟು ಮಣ್ಣು ತುಂಬಿಸಿ, ಮೇಲಿನ ಅಂಗಳಕ್ಕೆ ಜೀಪು ಹತ್ತುವ ದಾರಿ ಮಾಡಿದ್ದಾರೆ. ಆ ಮಣ್ಣನ್ನು ಹಿಡಿದು ನಿಲ್ಲಿಸಿರುವುದು ಇದೇ ಗೋಡೆಯಲ್ಲವೇ? ಅದರ ಮೂಲೆಯನ್ನು ಸಪೂರ ಮಾಡಿದರೆ ಏನಾಗುತ್ತದೆ?

ಯಾವ ಬದಿಗೆ ಒಡೆಯಬೇಕು, ಒಡೆಯುವಾಗ ಮೇಲಿನ ಕಲ್ಲುಗಳನ್ನು ಹಿಡಿದು ನಿಲ್ಲಿಸುವುದು ಹೇಗೆ, ತಿಳಿದವರು ಹೇಳಬೇಕು. ಮಳೆಗಾಲದ ಮೊದಲು ಮುಗಿಯಬೇಕು.

ಬಂಟ್ವಾಳ ಮೇಸ್ತ್ರಿಯ ಮಗ
ಜನವರಿ 9

ಅಕ್ಕಾ, ಒಡೆಯುವ ಮೊದಲು ಮೂರು ಸಂಗತಿ ನೋಡಿ ಹೇಳಿ. ಇದು ಗೊತ್ತಾಗದೆ ಯಾರು ಏನು ಹೇಳಿದರೂ ಕತ್ತಲಲ್ಲಿ ಕೈಯಾಡಿಸಿದ ಹಾಗೆ.

ಒಂದು, ಕಲ್ಲು ಕಟ್ಟಿದ್ದು ಸಿಮೆಂಟಿನಲ್ಲೋ ಮಣ್ಣಿನಲ್ಲೋ. 1981ರ ಮನೆ ಅಂದರೆ ಹೊರಗಿನ ಗಿಲಾವು ಸಿಮೆಂಟಿನದ್ದು, ಒಳಗಿನ ಸಂದು ಕೆಂಪು ಮಣ್ಣಿನದ್ದು ಇರುವ ಸಾಧ್ಯತೆ ಜಾಸ್ತಿ. ನಮ್ಮ ತಂದೆ ಕಟ್ಟಿದ ಎಷ್ಟೋ ಮನೆಗಳು ಹಾಗೇ. ಬಾಗಿಲಿನ ಮೇಲೆ ಒಂದು ಗೇಣು ಜಾಗದ ಗಿಲಾವು ಕೆತ್ತಿಸಿ, ಸಂದಿಗೆ ನಾಲ್ಕು ಇಂಚಿನ ಮೊಳೆ ಹಾಕಿ ಕೆರೆಯಿರಿ. ಉದುರಿ ಬಂದದ್ದನ್ನು ಅಂಗೈಯಲ್ಲಿ ನೀರು ಹಾಕಿ ಉಜ್ಜಿದರೆ ಗೊತ್ತಾಗುತ್ತದೆ. ಮಣ್ಣಾದರೆ ಕೆಸರಾಗಿ ಕೈಗೆ ಹಿಡಿಯುತ್ತದೆ.

ಎರಡು, ಮೇಲೆ ಸ್ಲ್ಯಾಬೋ ಮುಚ್ಚಿಗೆಯೋ (ಜಂತಿಗಳ ಮೇಲೆ ಮರದ ಹಲಗೆ ಹಾಸಿದ್ದು). ಮುಚ್ಚಿಗೆ ಆದರೆ ಜಂತಿಗಳು ಯಾವ ಗೋಡೆಯ ಮೇಲೆ ಕೂತಿವೆ, ಬಾಗಿಲಿನ ನೇರಕ್ಕೆ ಯಾವುದಾದರೂ ಇದೆಯಾ.

ಮೂರು, ಈಗ ಬಾಗಿಲಿನ ಮೇಲೆ ಲಿಂಟಲ್ ಯಾವುದರದ್ದು.

ಮಣ್ಣಿನ ಸಂದಿನ ಗೋಡೆಗೆ ಬ್ರೇಕರ್, ಅಂದರೆ ಗುದ್ದಿ ಒಡೆಯುವ ಮಿಷನ್ ಮಾತ್ರ ಬೇಡವೇ ಬೇಡ. ಹತ್ತು ನಿಮಿಷ ಅದು ಗುದ್ದಿದರೆ ನೀವು ಮುಟ್ಟದ ಕಲ್ಲು ಕೂಡ ಸಡಿಲವಾಗಿರುತ್ತದೆ.

ಕಾರ್ಕಳ 22
ಜನವರಿ 10

ಇಷ್ಟು ಹೆದರುವ ಅಗತ್ಯ ಇಲ್ಲ ಅಂತ ನನ್ನ ಅನಿಸಿಕೆ. ನಮ್ಮ ಮನೆಯ ಕೆಳಗಿನ ಗ್ಯಾರೇಜಿನ ಬಾಗಿಲನ್ನು 3 ಅಡಿಯಿಂದ 5 ಅಡಿಗೆ ಎರಡೇ ದಿನದಲ್ಲಿ ಮಾಡಿಸಿದೆವು. ಎರಡು ಜಾಕಿ (ಆಧಾರಕ್ಕೆ ಕೊಡುವ ಕಬ್ಬಿಣದ ಕಂಬ) ನಿಲ್ಲಿಸಿ, ಕಟ್ಟರಿನಲ್ಲಿ ಕೊಯ್ದು, ರೆಡಿ ಲಿಂಟಲ್ ಇಟ್ಟು ಮುಚ್ಚಿದರು. ನಾಲ್ಕು ಮಳೆಗಾಲ ಕಳೆಯಿತು, ಒಂದು ಗೆರೆ ಬಿರುಕು ಕೂಡ ಬಂದಿಲ್ಲ. ಮುರಕಲ್ಲು ಅಷ್ಟು ಬೇಗ ಬೀಳುವ ವಸ್ತು ಅಲ್ಲ.

ಗುಡ್ಡೆಮನೆ ಮಗಳು
ಜನವರಿ 11

ಮೊಳೆಯ ಪರೀಕ್ಷೆ ಮಾಡಿದೆ. ಮೊಳೆ ತಲೆಯವರೆಗೆ ಹೋಯಿತು. ಉದುರಿದ್ದನ್ನು ಅಂಗೈಯಲ್ಲಿ ಉಜ್ಜಿದರೆ ಕೆಂಪು ಕೆಸರು. ಅಪ್ಪ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು, ಕೈ ಮುಂದೆ ಚಾಚಿದರು. ಅವರ ಅಂಗೈಗೂ ಸ್ವಲ್ಪ ಹಾಕಿದೆ. ಹೆಬ್ಬೆರಳಿನಲ್ಲಿ ಉಜ್ಜಿ ನೋಡಿ, "ಮಣ್ಣು" ಅಂದರು. ತುಸು ಹೊತ್ತು ಬಿಟ್ಟು, "ಬೆಲ್ಲ" ಅಂದರು. ಆಗ ಗಾರೆಗೆ ಬೆಲ್ಲದ ನೀರು ಸೇರಿಸಿದ್ದರಂತೆ, ಅಮ್ಮ ಆಮೇಲೆ ಹೇಳಿದರು.

ಗೋಡೆ ಒಟ್ಟು 16 ಇಂಚು ದಪ್ಪ. ಗಿಲಾವು ತೆಗೆದಲ್ಲಿ ಕಾಣುವ ಪ್ರಕಾರ ಒಳಗೊಂದು ಸಾಲು, ಹೊರಗೊಂದು ಸಾಲು ಕಲ್ಲು, ಅಲ್ಲಲ್ಲಿ ಎರಡನ್ನೂ ಕಟ್ಟುವ ಅಡ್ಡಕಲ್ಲು. ಮೇಲೆ ಮುಚ್ಚಿಗೆ. ಮೂರು ಜಂತಿಗಳು ಈ ಗೋಡೆಯ ಒಳಸಾಲಿನ ಮೇಲೆ ಕೂತಿವೆ, ಅದರಲ್ಲಿ ಒಂದು ಸರಿಯಾಗಿ ಬಾಗಿಲಿನ ನೇರಕ್ಕೆ, ಲಿಂಟಲಿನಿಂದ ಎರಡು ವರಸೆ (ಒಂದರ ಮೇಲೊಂದು ಕೂರಿಸಿದ ಎರಡು ಕಲ್ಲಿನ ಎತ್ತರ) ಮೇಲೆ. ಲಿಂಟಲ್ ಮರದ ಹಲಗೆ. ಅದರ ಉತ್ತರದ ತುದಿಯನ್ನು ಸ್ಕ್ರೂಡ್ರೈವರಿನಿಂದ ತಟ್ಟಿದರೆ ಟೊಳ್ಳು ಸದ್ದು. ಗೆದ್ದಲು ತಿಂದು ಒಳಗೆ ಬರೀ ಹುಡಿ.

ಇನ್ನೊಂದು ಸಂಗತಿ. ಮುಚ್ಚಿಗೆಯ ಮೇಲೆ, ಅದೇ ಜಾಗದಲ್ಲಿ, ಚಾಲಿ ಅಡಿಕೆಯ ಗೋಣಿಗಳನ್ನು ಪೇರಿಸಿದ್ದೇವೆ. 65 ಕಿಲೋದ ಹದಿನಾಲ್ಕು ಗೋಣಿ.

ಓವರ್‌ಸಿಯರ್, ನಿವೃತ್ತ
ಜನವರಿ 11

ಮಗಳೇ, ಮೊದಲು ಆ ಹದಿನಾಲ್ಕು ಗೋಣಿಯನ್ನು ಅಲ್ಲಿಂದ ತೆಗೆಸು. ಒಂಬೈನೂರು ಕಿಲೋ ಆಯಿತು ಅದು. ಗೆದ್ದಲು ತಿಂದ ಹಲಗೆಯ ಮೇಲೆ ಅದು ಇರಬಾರದು, ನೀನು ಬಾಗಿಲು ಒಡೆಸಿದರೂ ಸರಿ, ಒಡೆಸದಿದ್ದರೂ ಸರಿ. ನಾಳೆಗೆ ಇಡಬೇಡ.

ಇನ್ನು ಯಾವ ಬದಿ ಎಂಬ ಪ್ರಶ್ನೆ. ದಕ್ಷಿಣದ ಬದಿಗೆ. ನಿನ್ನ ಮನಸ್ಸು ಒಪ್ಪದಿದ್ದದ್ದಕ್ಕೆ ಕಾರಣ ಇದೆ. ಉತ್ತರದ ಗೋಡೆಯನ್ನು ಹೊರಗಿನ ಮಣ್ಣು ಒಳಕ್ಕೆ, ಅಂದರೆ ದಕ್ಷಿಣಕ್ಕೆ ದೂಡುತ್ತಿದೆ. ಆ ಗೋಡೆಯ ಮುಂದಿನ ತುದಿ ಒಳಗೆ ವಾಲದಂತೆ ಹಿಡಿದಿರುವುದು ಮೂಲೆಯಲ್ಲಿ ಅಡ್ಡಲಾಗಿ ನಿಂತಿರುವ ನಿನ್ನ ಬಾಗಿಲಿನ ಗೋಡೆ. ಸದ್ಯ ಅಲ್ಲಿ 26 ಇಂಚಿನ ಕಟ್ಟಡ ಇದೆ. ಮೇಸ್ತ್ರಿ ಹೇಳಿದಂತೆ ಒಂದು ಅಡಿ ತೆಗೆದರೆ 14 ಇಂಚು ಉಳಿಯುತ್ತದೆ. ದಪ್ಪ 16, ಅಗಲ 14. ಅದು ಗೋಡೆ ಅಲ್ಲ, ಮಣ್ಣಿನ ಸಂದಿನಲ್ಲಿ ಕಲ್ಲು ಪೇರಿಸಿದ ಕಂಬ. ನಾನು ಕೆಲಸದಲ್ಲಿದ್ದಷ್ಟು ಕಾಲ ಮೂಲೆಯಿಂದ 2 ಅಡಿಯೊಳಗೆ ಬಾಗಿಲು, ಕಿಟಕಿ ಬರೆದ ನಕಾಶೆಗೆ ಸಹಿ ಹಾಕಿಲ್ಲ. ಅದರ ಮೇಲೆ ಆ ದಾರಿಯಲ್ಲಿ ಜೀಪು ಬೇರೆ ಹತ್ತುತ್ತದೆ. ಜೀಪಿನ ಭಾರವೂ ಮಣ್ಣಿನ ಮೂಲಕ ಗೋಡೆಯನ್ನೇ ಒತ್ತುತ್ತದೆ.

ಇನ್ನೂ ಒಂದು ಕಾರಣ ಕಲ್ಲಿನದೇ. 1800–01ರಲ್ಲಿ ಮೈಸೂರು, ಕೆನರಾ, ಮಲಬಾರು ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಕೇರಳದ ಅಂಗಾಡಿಪುರಂನಲ್ಲಿ ಈ ಮುರಕಲ್ಲನ್ನು ನೋಡಿದ. ನೆಲದೊಳಗೆ ಮೆತ್ತಗಿದ್ದು ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ ಎಂದು ಬರೆದ. ಇಟ್ಟಿಗೆಗೆ ಲ್ಯಾಟಿನಿನಲ್ಲಿರುವ ಹೆಸರಿನಿಂದ ಲ್ಯಾಟರೈಟ್ ಎಂದು ಕರೆದವನು ಅವನೇ, 1807ರ ಅವನ ಪುಸ್ತಕದಲ್ಲಿ. ಗಾಳಿಗೆ ಗಟ್ಟಿಯಾಗುವ ಈ ಕಲ್ಲು ನೀರು ಕುಡಿದರೆ ಬಲ ಕಳೆದುಕೊಳ್ಳುತ್ತದೆ. ನಾಲ್ಕು ದಶಕ ಹಸಿ ಮಣ್ಣಿಗೆ ಬೆನ್ನು ಕೊಟ್ಟ ನಿನ್ನ ಉತ್ತರದ ಗೋಡೆ ಮುಂದಿನ ಗೋಡೆಯಷ್ಟು ಗಟ್ಟಿ ಇರುವುದಿಲ್ಲ. ಹಾಗಾಗಿ ಮೂಲೆಯನ್ನು ಮುಟ್ಟಬೇಡ. ಸ್ಟಾರ್ಟರ್ ಬೋರ್ಡು ಸರಿಸಲು ಎಲೆಕ್ಟ್ರಿಷಿಯನ್‌ಗೆ ಅರ್ಧ ದಿನ ಸಾಕು. ಮೀಟರ್ ಮಾತ್ರ ಲೈನ್‌ಮನ್‌ಗೆ ತಿಳಿಸಿ ಸರಿಸಬೇಕು. ಆ ಕಡೆ ಒಂದು ಅಡಿ ಹೋದರೂ ಕಿಟಕಿಯವರೆಗೆ 4 ಅಡಿ ಗೋಡೆ ಉಳಿಯುತ್ತದೆ.

ಭಾರದ ಲೆಕ್ಕ ಹೀಗೆ. ಗೋಡೆಯಲ್ಲಿ ಬಾಗಿಲು ತೆರೆದಾಗ ಮೇಲಿನ ಎಲ್ಲ ಕಲ್ಲೂ ಲಿಂಟಲಿನ ಮೇಲೆ ಕೂರುವುದಿಲ್ಲ. ಕಲ್ಲುಗಳು ಒಂದಕ್ಕೊಂದು ಒರಗಿ ಕಮಾನಿನಂತೆ ಭಾರವನ್ನು ಎರಡೂ ಬದಿಗೆ ಸಾಗಿಸುತ್ತವೆ, ಆ ಕಮಾನಿನ ಕೆಳಗಿನ ತ್ರಿಕೋನ ಮಾತ್ರ ಲಿಂಟಲಿನ ಪಾಲಿಗೆ. ದಾರಂದ ಕೂರುವ ಜಾಗವೂ ಸೇರಿ 4 ಅಡಿ ಬಾಗಿಲು, ಎರಡೂ ತುದಿಯಲ್ಲಿ ಕೂರುವ ಜಾಗದ ಸ್ವಲ್ಪ ಭಾಗ ಸೇರಿಸಿ 5 ಅಡಿ ಬುಡದ ಸಮಬಾಹು ತ್ರಿಕೋನ ಎಂದಿಟ್ಟುಕೊ. 16 ಇಂಚು ದಪ್ಪದಲ್ಲಿ ಸುಮಾರು 800 ಕಿಲೋ ಕಲ್ಲು. ಆ ತ್ರಿಕೋನದೊಳಗೆ ಜಂತಿಯ ತುದಿ ಬಂದಿರುವುದರಿಂದ ಮುಚ್ಚಿಗೆಯ ಭಾರವೂ ಸೇರುತ್ತದೆ, ಇನ್ನೊಂದು 400 ಕಿಲೋ ಹಿಡಿ. ಕಮಾನು ನಿಲ್ಲಲು ಎರಡೂ ಬದಿಗೆ ಒದೆಯಲು ಗೋಡೆ ಬೇಕು. ಮೂಲೆಯ 14 ಇಂಚು ಆ ಒದೆತ ತಾಳುವುದಿಲ್ಲ. ಇದೂ ದಕ್ಷಿಣಕ್ಕೇ ಹೋಗಬೇಕು ಎನ್ನುವ ಮಾತೇ.

ಕಾರ್ಕಳದವರ ಅನುಭವ ಸುಳ್ಳಲ್ಲ. ಆದರೆ ಅವರ ಗೋಡೆ ಬಹುಶಃ ಸಿಮೆಂಟ್ ಗಾರೆಯದ್ದು, ಮೇಲೆ ಆರ್‌ಸಿಸಿ ಸ್ಲ್ಯಾಬು. ಸ್ಲ್ಯಾಬು ತಾನೇ ಅಕ್ಕಪಕ್ಕದ ಗೋಡೆಗೆ ಕೈಚಾಚಿ ನಿಲ್ಲುತ್ತದೆ. ಮಣ್ಣಿನ ಸಂದು, ಮುಚ್ಚಿಗೆ, ಗೆದ್ದಲು ತಿಂದ ಹಲಗೆ ಇರುವಲ್ಲಿ ಅದೇ ಎರಡು ದಿನದ ಕೆಲಸ ಎರಡು ಗಂಟೆಯಲ್ಲಿ ಕುಸಿಯಬಹುದು.

ನನ್ನ ಸಲಹೆ: ಗೋಡೆಯ ದಪ್ಪವನ್ನು ಎರಡು ಪಾಲು ಮಾಡಿ ಕೆಲಸ ಮಾಡಿಸು. ಮೊದಲು ಬಾಗಿಲಿನ ಮೇಲಿನ ಎರಡು ಮೂರು ವರಸೆಯ ಸಂದುಗಳನ್ನು ಒಳಗೂ ಹೊರಗೂ 2 ಇಂಚು ಆಳ ಕೆರೆದು, ನೀರು ಚಿಮುಕಿಸಿ, ಸಿಮೆಂಟ್ ಗಾರೆ ತುಂಬಿ ಒಂದು ವಾರ ಬಿಡಬೇಕು. ಆಮೇಲೆ ಒಳಗೆ ಗೋಡೆಯಿಂದ 2 ಅಡಿ ದೂರದಲ್ಲಿ ಮೂರೂ ಜಂತಿಗಳ ಕೆಳಗೆ ಅಡ್ಡ ತೊಲೆ ಕೊಟ್ಟು ಜಾಕಿ ನಿಲ್ಲಿಸಬೇಕು, ಜಾಕಿಯ ಬುಡಕ್ಕೆ ಹಲಗೆ ಇರಲಿ. ಮುಚ್ಚಿಗೆಯ ಭಾರ ಗೋಡೆಯಿಂದ ಜಾಕಿಗೆ ಬಂತು. ಈಗ ಹೊರಗಿನ ಸಾಲಿನಲ್ಲಿ, ಹಳೆಯ ಹಲಗೆಯ ಮೇಲಿನ ಒಂದೇ ವರಸೆಯನ್ನು 5 ಅಡಿ 6 ಇಂಚು ಉದ್ದಕ್ಕೆ ಬಿಡಿಸಿ, ಎರಡೂ ತುದಿಗೆ 6 ಇಂಚು ದಪ್ಪದ ಕಾಂಕ್ರೀಟ್ ಹಾಸು ಹಾಕಿ, ಅದು ಗಟ್ಟಿಯಾದ ಮೇಲೆ 6 ಇಂಚಿನ ಐ ಗರ್ಡರ್ (ಇಂಗ್ಲಿಷಿನ I ಅಕ್ಷರದ ಆಕಾರದ ಕಬ್ಬಿಣದ ತೊಲೆ) ಕೂರಿಸಬೇಕು. ಗರ್ಡರ್ ಎರಡೂ ಬದಿ 9 ಇಂಚು ಗೋಡೆಯ ಮೇಲೆ ಕೂರಲಿ. 25 ಕಿಲೋ ಇರುತ್ತದೆ, ಇಬ್ಬರು ಎತ್ತಬಹುದು. ಅಷ್ಟು ಹೊತ್ತು ಮೇಲಿನ ಕಲ್ಲುಗಳನ್ನು ಒಳಗಿನ ಸಾಲು ಹೊತ್ತಿರುತ್ತದೆ. ವಾರ ಬಿಟ್ಟು ಇದನ್ನೇ ಒಳಗಿನಿಂದ ಮಾಡು, ಆಗ ಹೊರಗಿನ ಗರ್ಡರ್ ಹೊತ್ತಿರುತ್ತದೆ. ಅದಾಗಿ ಇನ್ನೊಂದು ವಾರದ ನಂತರವೇ ಕೆಳಗಿನ ಕಲ್ಲು ತೆಗೆಯುವುದು, ಮೇಲಿನಿಂದ ಕೆಳಕ್ಕೆ, ಒಂದೊಂದಾಗಿ.

ಎಲ್ಲಕ್ಕಿಂತ ಮುಖ್ಯವಾದದ್ದು ಗರ್ಡರಿಗೂ ಮೇಲಿನ ಕಲ್ಲಿಗೂ ನಡುವಿನ ಸಂದು. ಅದು ಬಿಗಿಯಾಗದಿದ್ದರೆ ಕಲ್ಲು ಗರ್ಡರಿನ ಮೇಲೆ ಕೂರಲು ತಾನೇ ಇಳಿಯುತ್ತದೆ, ಇಳಿದಷ್ಟು ಬಿರುಕು. ಅಡಿಗೊಂದರಂತೆ ಕಬ್ಬಿಣದ ಜೋಡು ಬೆಣೆ ಎದುರುಬದುರಾಗಿ ಹೊಡೆಯಿಸು. ಉಳಿದ ಸಂದಿಗೆ ಒಂದು ಪಾಲು ಸಿಮೆಂಟಿಗೆ ಎರಡು ಪಾಲು ಮರಳಿನ ಗಟ್ಟಿ ಗಾರೆ. ಮುಷ್ಟಿಯಲ್ಲಿ ಹಿಚುಕಿದರೆ ಉಂಡೆ ನಿಲ್ಲಬೇಕು, ಅಂಗೈ ಒದ್ದೆಯಾಗಬಾರದು. ಅದನ್ನು ಮರದ ಪಟ್ಟಿಯಿಂದ ಗುದ್ದಿ ಗುದ್ದಿ ತುಂಬಬೇಕು. ನೀರಾದ ಗಾರೆ ಒಣಗುವಾಗ ಕುಗ್ಗಿ ಸಂದು ಬಿಡುತ್ತದೆ.

ನಾನು ಗೋಡೆ ನೋಡಿಲ್ಲ. ನಿನ್ನ ಊರಿನ ಒಬ್ಬ ಸಿವಿಲ್ ಎಂಜಿನಿಯರನ್ನು ಕರೆದು ಒಂದು ಸಲ ತೋರಿಸಿ, ಗರ್ಡರಿನ ಅಳತೆ ಅವರಿಂದಲೇ ನಿಶ್ಚಯ ಮಾಡಿಸು. ಕೆಲಸ ನಡೆಯುವಷ್ಟು ದಿನ ಆ ದಾರಿಯಲ್ಲಿ ಜೀಪು ಹತ್ತಬಾರದು.

ಕಾರ್ಕಳ 22
ಜನವರಿ 11

ಸರ್, ನಿಜ. ನಮ್ಮದು ಸ್ಲ್ಯಾಬ್ ಮನೆ, 2004ರದ್ದು. ಮಣ್ಣಿನ ಸಂದು ಅಂತ ಗೊತ್ತಿದ್ದರೆ ನಾನು ಹಾಗೆ ಬರೆಯುತ್ತಿರಲಿಲ್ಲ. ಅಕ್ಕಾ, ನನ್ನ ಮಾತು ಬಿಡಿ, ಇವರು ಹೇಳಿದ ಹಾಗೆ ಮಾಡಿಸಿ. ನಮ್ಮಲ್ಲಿ ನಾಲ್ಕು ಜಾಕಿ ಖಾಲಿ ಬಿದ್ದಿವೆ, ಪುತ್ತೂರಿಗೆ ಗಾಡಿ ಬರುವಾಗ ಕಳಿಸಿಕೊಡುತ್ತೇನೆ.

ಮೈಸೂರಿನ ಸೊಸೆ
ಜನವರಿ 12

ಗೋಡೆಯ ವಿಷಯ ನನಗೆ ತಿಳಿಯದು. ಆದರೆ ನಮ್ಮ ಅತ್ತೆ ಆರು ವರ್ಷ ಗಾಲಿಕುರ್ಚಿಯಲ್ಲಿದ್ದರು, ಬಾಗಿಲಿನ ವಿಷಯ ಚೆನ್ನಾಗಿ ಗೊತ್ತು.

ದಾರಂದ ಮಾಡಿಸುವ ಮೊದಲೇ ಲೆಕ್ಕ ಹಾಕಿ. ಬಾಗಿಲು ಪೂರ್ತಿ ತೆರೆದು ನಿಂತಾಗ ಬಾಗಿಲಿನ ಮೈಯಿಂದ ಎದುರಿನ ದಾರಂದಕ್ಕೆ ಇರುವ ಜಾಗವೇ ನಿಜವಾದ ಅಗಲ. ಅದು ಕನಿಷ್ಠ 900 ಮಿಲಿಮೀಟರ್ ಇರಬೇಕು ಎಂದು ಸರಕಾರದ ಸುಗಮ್ಯತೆಯ ಮಾರ್ಗಸೂಚಿಯೇ ಹೇಳುತ್ತದೆ. ನೀವು 36 ಇಂಚು ಇಟ್ಟುಕೊಳ್ಳಿ. ಬಾಗಿಲಿನ ದಪ್ಪ ಒಂದೂವರೆ, ದಾರಂದ ಎರಡೂ ಬದಿ ನಾಲ್ಕು ನಾಲ್ಕು, ಗೋಡೆಯಲ್ಲಿ 46 ಇಂಚು ಬೇಕೇ ಬೇಕು. 4 ಅಡಿ ಒಡೆಸಿದರೆ ಸರಿಹೋಗುತ್ತದೆ.

ಜೋಡಿ ಬಾಗಿಲು ಬೇಡ. ನೋಡಲು ಚಂದ, ಆದರೆ ಎರಡು ಕೈ ಬೇಕು. ನಿಮ್ಮ ತಂದೆಯವರಿಗೆ ಒಂದೇ ಕೈ. ಒಂಟಿ ಬಾಗಿಲು, ಎಡಗೈಗೆ ಸಿಗುವಂತೆ ಕೆಳಗೆ ಒತ್ತುವ ಹಿಡಿ, ನೆಲದಿಂದ 3 ಅಡಿ ಎತ್ತರದಲ್ಲಿ. ಮೇಲಿನ ಚಿಲಕವನ್ನೇ ನೆಚ್ಚಿಕೊಳ್ಳಬೇಡಿ, ಕುಳಿತವರಿಗೆ ಅದು ಎಟುಕುವುದಿಲ್ಲ. ನಮ್ಮ ಅತ್ತೆ ಒಮ್ಮೆ ಒಳಗೆ ಸಿಕ್ಕಿಕೊಂಡು ಒಂದು ಮಧ್ಯಾಹ್ನ ಪೂರ್ತಿ ಕೂಗಿದ್ದರು, ನಾನು ಮಾರುಕಟ್ಟೆಗೆ ಹೋಗಿದ್ದೆ. ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ.

ಹೊಸ್ತಿಲು ಅರ್ಧ ಇಂಚಿಗಿಂತ ಎತ್ತರ ಇರಬಾರದು, ಅದರ ಅಂಚೂ ಇಳಿಜಾರಾಗಿರಲಿ. ಆಗ ನಿಮ್ಮ ಕಡೆಯ ಮಳೆ ನೇರ ಒಳಗೆ ಬರುತ್ತದೆ. ಅದಕ್ಕೆ ಹೊಸ್ತಿಲಿನ ಹೊರಗೆ, ಬಾಗಿಲಿನ ಪೂರ್ತಿ ಅಗಲಕ್ಕೆ ಒಂದು ಚರಂಡಿ ತೋಡಿಸಿ ಮೇಲೆ ಕಬ್ಬಿಣದ ಜಾಲರಿ ಹಾಕಿಸಿ. ಜಾಲರಿಯ ಪಟ್ಟಿಗಳು ಕುರ್ಚಿ ಹೋಗುವ ದಿಕ್ಕಿಗೆ ಅಡ್ಡವಾಗಿರಬೇಕು, ಸಂದು ಅರ್ಧ ಇಂಚು ಮೀರಬಾರದು. ಉದ್ದಕ್ಕೆ ಇದ್ದರೆ ಮುಂದಿನ ಸಣ್ಣ ಗಾಲಿ ಸಿಕ್ಕಿಕೊಂಡು ಮನುಷ್ಯ ಮುಂದಕ್ಕೆ ಮುಗ್ಗರಿಸುತ್ತಾರೆ. ಅಂಗಳ ತಗ್ಗಿದ್ದು ಇಳಿಜಾರು ಮಾಡಬೇಕಾದರೆ ಒಂದು ಇಂಚು ಇಳಿತಕ್ಕೆ ಒಂದು ಅಡಿ ಉದ್ದ ಕೊಡಿ. ಬಾಗಿಲಿನ ಹೊರಗೆ 5 ಅಡಿ ಚೌಕದಷ್ಟು ಸಮತಟ್ಟು ಜಾಗ ಇರಲಿ, ಕುರ್ಚಿ ತಿರುಗಿಸಿ ಬಾಗಿಲು ಎಳೆದುಕೊಳ್ಳಲು ಬೇಕಾಗುತ್ತದೆ.

ಬಂಟ್ವಾಳ ಮೇಸ್ತ್ರಿಯ ಮಗ
ಜನವರಿ 12

ಓವರ್‌ಸಿಯರ್ ಸರ್ ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ಕೊಯ್ದ ಬದಿಯಲ್ಲಿ ಒಂದು ವರಸೆ ಇಡೀ ಕಲ್ಲು, ಮುಂದಿನ ವರಸೆ ತುಂಡು ಕಲ್ಲು ಬರುತ್ತದೆ. ಮಣ್ಣಿನ ಸಂದಿನಲ್ಲಿ ಆ ತುಂಡುಗಳು ನಿಲ್ಲುವುದಿಲ್ಲ, ಕೈಯಲ್ಲೇ ಕಿತ್ತು ಬರುತ್ತವೆ. ಅವನ್ನು ತೆಗೆದು, ಅಲ್ಲಿ ಪಂಚಾಂಗದಿಂದ (ಅಡಿಪಾಯದಿಂದ) ಗರ್ಡರಿನ ತನಕ ಕಾಂಕ್ರೀಟ್ ಹಾಕಿಸಿ, ಖಾಲಿಯಾದ ಹಲ್ಲುಗಳೊಳಗೆ ಕಾಂಕ್ರೀಟ್ ಹೋಗಿ ಹಿಡಿದುಕೊಳ್ಳಲಿ. ದಾರಂದವನ್ನು ಗೋಡೆಗೆ ಬಿಗಿಯುವ ಕಬ್ಬಿಣದ ಹಿಡಿಗಳೂ ಅದರಲ್ಲೇ ಬರಲಿ. ಹಾಗೆ ಗರ್ಡರಿಗೆ ಎರಡು ಕೈ ಪ್ರೈಮರ್ ಹೊಡೆಸಿ, ನಮ್ಮ ಹವೆಗೆ ಬರೀ ಕಬ್ಬಿಣ ನಿಲ್ಲುವುದಿಲ್ಲ. ಕೋಳಿ ಬಲೆ ಸುತ್ತಿ ಗಾರೆ ಹಾಕಿದರೆ ಗಿಲಾವು ಬಿಡುವುದಿಲ್ಲ.

ಕಟ್ಟರ್ ಹಾಕುವ ದಿನ ಅಪ್ಪನನ್ನು ಮೇಲಿನ ಮನೆಗೆ ಕಳಿಸಿ. ಆ ಕೆಂಪು ಧೂಳು ಎದೆಗೆ ಒಳ್ಳೆಯದಲ್ಲ.

ಗುಡ್ಡೆಮನೆ ಮಗಳು
ಫೆಬ್ರವರಿ 24

ಇಷ್ಟು ದಿನ ಬರೆಯಲಾಗಲಿಲ್ಲ, ಕ್ಷಮಿಸಿ. ಕೆಲಸ ಮುಗಿದಿದೆ. ಇಲ್ಲಿ ಉತ್ತರಿಸಿದ ಪ್ರತಿಯೊಬ್ಬರಿಗೂ ನನ್ನ ಕೃತಜ್ಞತೆ.

ಗೋಣಿಗಳನ್ನು ಅದೇ ರಾತ್ರಿ ಪಕ್ಕದ ಮನೆಯ ಅಣ್ಣಂದಿರು ಬಂದು ಇಳಿಸಿಕೊಟ್ಟರು. ಪುತ್ತೂರಿನ ಒಬ್ಬ ಎಂಜಿನಿಯರ್ ಬಂದು ನೋಡಿ, ಗರ್ಡರ್ 6 ಇಂಚಿನದ್ದೇ ಸಾಕು, ದಕ್ಷಿಣಕ್ಕೇ ಹೋಗಿ ಅಂದರು. ಮೇಸ್ತ್ರಿಗೆ ಓವರ್‌ಸಿಯರ್ ಸರ್ ಬರೆದದ್ದನ್ನು ಪೂರ್ತಿ ಓದಿ ಹೇಳಿದೆ. ಕೇಳಿ, ಉತ್ತರದ ದಾರಿಯ ಮೇಲೆ ಹತ್ತಿ ನಿಂತು, ಕಾಲಡಿಯ ಮಣ್ಣನ್ನೂ ಗೋಡೆಯನ್ನೂ ಸುಮಾರು ಹೊತ್ತು ನೋಡಿದರು. "ಇದನ್ನು ನಾನು ಮೇಲಿನಿಂದ ನೋಡಿರಲಿಲ್ಲ ಅಕ್ಕಾ" ಅಂದರು. ಆಮೇಲೆ ಒಂದು ದಿನವೂ ಅವಸರ ಮಾಡಲಿಲ್ಲ. ದಾರಿಗೆ ಅಡ್ಡ ಅಡಿಕೆ ಮರ ಹಾಕಿ ಜೀಪು ನಿಲ್ಲಿಸಿದ್ದೂ ಅವರೇ.

ಕಾರ್ಕಳದ ಜಾಕಿಗಳು ಸರಿಯಾದ ಸಮಯಕ್ಕೆ ಬಂದವು. ಸಂದು ತುಂಬಿ ವಾರ ಬಿಟ್ಟು ಹೊರಗಿನ ಗರ್ಡರ್ ಕೂರಿಸಿದರು. ಕಿಟಕಿಯ ಮೂಲೆಯಿಂದ ಹೊರಟ ಒಂದು ಹಳೆಯ ಕೂದಲೆಳೆಯಂಥ ಬಿರುಕಿತ್ತು. ಅದರ ತುದಿಗೆ ಅಡ್ಡಗೆರೆ ಎಳೆದು ಪೆನ್ಸಿಲಿನಲ್ಲಿ ತಾರೀಕು ಬರೆದಿಟ್ಟೆ. ದಿನಾ ಬೆಳಿಗ್ಗೆ ಟಾರ್ಚ್ ಹಿಡಿದು ನೋಡುತ್ತಿದ್ದೆ. ಇವತ್ತಿನವರೆಗೆ ಗೆರೆ ದಾಟಿಲ್ಲ.

ಒಳಸಾಲಿನ ಕಲ್ಲು ಬಿಡಿಸುವಾಗ ಒಂದು ಅಡ್ಡಕಲ್ಲು ಸಿಕ್ಕಿತು, ಎರಡೂ ಸಾಲಿಗೆ ಹಾದದ್ದು. ಮೇಸ್ತ್ರಿ ಅದನ್ನು ಎಳೆಯಲಿಲ್ಲ. ಹೊರಗರ್ಡರಿನ ಹಿಂದಕ್ಕೆ ಗೆರೆ ಹಾಕಿ, ಉಳಿಯಲ್ಲಿ ಒಂದು ಗಂಟೆ ಕೆತ್ತಿ ತುಂಡು ಮಾಡಿದರು. ತುಂಡಾದ ಮುಖ ನೋಡಬೇಕಿತ್ತು ನೀವು. ಹೊರಗೆ ಕಪ್ಪಗೆ, ಒರಟಾಗಿದ್ದ ಕಲ್ಲು ಒಳಗೆ ಕುಂಕುಮದಂತೆ ಕೆಂಪು, ನಡುನಡುವೆ ಅರಸಿನ ಬಣ್ಣದ ಮಣ್ಣಿನ ಕಣ್ಣುಗಳು. ಉಗುರಿನಲ್ಲಿ ಗೀರಿದರೆ ಹುಡಿ ಬರುವಷ್ಟು ಮೆತ್ತಗಿತ್ತು. ನಾಲ್ಕು ದಿನ ಬಿಟ್ಟು ಗೀರಿದರೆ ಉಗುರು ಜಾರಿತು.

ಬೆಣೆ ಹೊಡೆದದ್ದೂ ಹೇಳಲೇಬೇಕು. ಮೊದಲು ಹೊಡೆಯುವಾಗ ಮಂದ ಸದ್ದು. ಬಿಗಿಯಾಗುತ್ತಾ ಬಂದ ಹಾಗೆ ಸದ್ದು ತೆಳ್ಳಗಾಗಿ, ಕೊನೆಗೆ ಗಂಟೆಯ ಹಾಗೆ ಟಣ್ ಅಂತು. ಮೇಲಿನ ಕೋಣೆಯಲ್ಲಿದ್ದ ಅಪ್ಪ ಆ ಸದ್ದು ಕೇಳಿ, "ಸಾಕು" ಅಂದರಂತೆ. ಅಮ್ಮ ಓಡಿ ಬಂದು ಹೇಳಿದರು. ಅಷ್ಟರಲ್ಲಿ ಮೇಸ್ತ್ರಿಯೂ ಸುತ್ತಿಗೆ ಕೆಳಗಿಟ್ಟಿದ್ದರು.

ಕೆಳಗಿನ ಕಲ್ಲು ತೆಗೆದ ದಿನ ಹಳೆಯ ಹಲಗೆಯೂ ಇಳಿಯಿತು. ಉತ್ತರದ ತುದಿಯಲ್ಲಿ ಒಂದು ಗೇಣು ಪೂರ್ತಿ ಖಾಲಿ, ಬರೀ ಸಿಪ್ಪೆ. ಇಷ್ಟು ವರ್ಷ ಅದು ಹೇಗೆ ನಿಂತಿತ್ತೋ. ದಕ್ಷಿಣದ ಬದಿಗೆ ಹಲ್ಲು ತೆಗೆದು ಕಾಂಕ್ರೀಟ್ ಹಾಕಿ, ಹತ್ತು ದಿನ ಗೋಣಿತಾಟು ಸುತ್ತಿ ನೀರು ಹಾಕಿದೆವು.

ದಾರಂದಕ್ಕೆ ಹೊಸ ಮರ ತರಲು ಹೊರಟಾಗ ಅಪ್ಪ ಒಪ್ಪಲಿಲ್ಲ. ಎಡಗೈಯಿಂದ ಹಳೆಯ ದಾರಂದವನ್ನು ತೋರಿಸುತ್ತಲೇ ಇದ್ದರು. ಆಚಾರಿಯವರು ನೋಡಿ, ಎರಡು ಕಂಬವೂ ಗಟ್ಟಿ ಇದೆ, ಮೇಲಿನ ಅಡ್ಡಪಟ್ಟಿ ಮಾತ್ರ ಹೊಸದು ಬೇಕು ಅಂದರು. ಹೊಸ ಪಟ್ಟಿಗೂ ಹಲಸೇ ಸಿಕ್ಕಿತು. ಕಂಬಗಳು ಕಂದು, ಪಟ್ಟಿ ಹಳದಿ. ಬಾಗಿಲು ಒಂಟಿ, ಹಿಡಿ ಎಡಗೈಗೆ, 3 ಅಡಿ ಎತ್ತರದಲ್ಲಿ. ಮೈಸೂರಿನ ಅಕ್ಕ, ಮೇಲಿನ ಚಿಲಕ ಇಟ್ಟೇ ಇಲ್ಲ.

ಮೊನ್ನೆ ಭಾನುವಾರ ಬೆಳಿಗ್ಗೆ ಅಪ್ಪ ತಾವೇ ಹಿಡಿ ಒತ್ತಿ ಬಾಗಿಲು ತೆರೆದರು. ಗಾಲಿಯ ಹೊರಬಳೆಯಿಂದ ದಾರಂದಕ್ಕೆ ಎರಡೂ ಬದಿ ನಾಲ್ಕು ಬೆರಳಿಗಿಂತ ಹೆಚ್ಚು ಜಾಗ. ಅರ್ಧದಲ್ಲಿ ನಿಂತು ಎಡಗೈ ಚಾಚಿ ಹಳೆಯ ಕಂಬವನ್ನು ಮುಟ್ಟಿದರು, ತಮ್ಮ ಬೆರಳು ಉಜ್ಜಿದ್ದ ಜಾಗ. ಆಮೇಲೆ ಅಂಗಳಕ್ಕೆ ಹೋದರು.

ಜಾಲರಿ ಇನ್ನೂ ಬಂದಿಲ್ಲ. ಚರಂಡಿ ತೋಡಿಯಾಗಿದೆ, ಸದ್ಯ ಅದರ ಮೇಲೆ ಅಡಿಕೆ ಮರದ ಸಲಾಕೆಗಳನ್ನು ಸಂದಿಲ್ಲದಂತೆ ಅಡ್ಡ ಜೋಡಿಸಿದ್ದೇವೆ. ಮೇ ತಿಂಗಳೊಳಗೆ ಹಾಕಿಸುತ್ತೇನೆ. ಓವರ್‌ಸಿಯರ್ ಸರ್, ಒಂದು ಕೊನೆಯ ಪ್ರಶ್ನೆ: ಉತ್ತರದ ಗೋಡೆಯ ಹೊರಗಿನ ಮಣ್ಣಿನ ನೀರು ಇಳಿದು ಹೋಗಲು ಮಳೆಗೆ ಮೊದಲು ಏನಾದರೂ ಮಾಡಬೇಕಾ?

ಓವರ್‌ಸಿಯರ್, ನಿವೃತ್ತ
ಫೆಬ್ರವರಿ 24

ಮಾಡಬೇಕು ಮಗಳೇ, ಈ ವರ್ಷವೇ. ಮೇಲಿನ ಅಂಗಳದ ನೀರು ಆ ದಾರಿಗೆ ಬರದಂತೆ ಮೇಲೆಯೇ ಒಂದು ಕಣಿ ತೋಡಿಸಿ ತೋಟದ ಕಡೆಗೆ ತಿರುಗಿಸು, ಅರ್ಧ ಸಮಸ್ಯೆ ಅಲ್ಲಿಗೇ ತೀರುತ್ತದೆ. ಗೋಡೆಗೆ ತಾಗಿದ ಮಣ್ಣನ್ನು ಮಾತ್ರ ಬುಡದವರೆಗೆ ಒಂದೇ ಸಲ ತೋಡಿಸಬೇಡ. ಗೋಡೆಯ ಉದ್ದ, ಪಂಚಾಂಗದ ಆಳ ಅಳೆದು ಬರೆ, ಎಷ್ಟೆಷ್ಟು ಅಡಿಯ ತುಂಡಾಗಿ ತೋಡಿ ಜಲ್ಲಿ ತುಂಬಬೇಕು ಎಂದು ಹೇಳುತ್ತೇನೆ. ಅಪ್ಪನಿಗೆ ನನ್ನ ನಮಸ್ಕಾರ ತಿಳಿಸು.